ಫಾರೆಸ್ಟ್ ಗ್ರೀನ್ ರೋವರ್ಸ್ ಫುಟ್‌ಬಾಲ್ ಕ್ಲಬ್

ಫಾರೆಸ್ಟ್ ಗ್ರೀನ್ ರೋವರ್ಸ್ ಫುಟ್‌ಬಾಲ್ ಕ್ಲಬ್ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಕೌಂಟಿಯ ನೇಲ್ಸ್‌ವರ್ತ್‌ನಲ್ಲಿ ನೆಲೆಗೊಂಡಿರುವ ವೃತ್ತಿಪರ ಫುಟ್‌ಬಾಲ್ ಸಂಘ. 1889ರಲ್ಲಿ ಸ್ಥಳೀಯ ಪಾದ್ರಿಯೊಬ್ಬರು ಇದನ್ನು ಸ್ಥಾಪಿಸಿದರು. ನೇಲ್ಸ್‌ವರ್ತ್ ಪಟ್ಟಣದ ಮೇಲ್ಭಾಗದ ಗುಡ್ಡದಲ್ಲಿರುವ ಫಾರೆಸ್ಟ್ ಗ್ರೀನ್ ಎಂಬ ಹಳ್ಳಿಯಿಂದ ಸಂಘಕ್ಕೆ ಈ ಹೆಸರು ಬಂದಿದೆ. ‘ಗುಡ್ಡದ ಮೇಲಿನ ಪುಟ್ಟ ಕ್ಲಬ್’ ಎಂಬುದು ಇದರ ರೂಢಿಯ ಅಡ್ಡಹೆಸರು.

ಸುಮಾರು 90 ವರ್ಷಗಳ ಕಾಲ ಈ ಸಂಘವು ಜಿಲ್ಲಾ ಮಟ್ಟದ ಹಾಗೂ ಪ್ರಾದೇಶಿಕ ಲೀಗ್‌ಗಳಲ್ಲಿ ಆಡುತ್ತಿತ್ತು. 2017ರಲ್ಲಿ ಅದು ಇಂಗ್ಲಿಷ್ ಫುಟ್‌ಬಾಲ್ ಲೀಗ್‌ಗೆ ಬಡ್ತಿ ಪಡೆಯಿತು. ಆಗ ಸುಮಾರು 5,800 ಜನಸಂಖ್ಯೆಯ ನೇಲ್ಸ್‌ವರ್ತ್, ಆ ಲೀಗ್‌ನ ಇತಿಹಾಸದಲ್ಲಿ ತಂಡವೊಂದನ್ನು ಹೊಂದಿದ ಅತ್ಯಂತ ಚಿಕ್ಕ ಊರೆನಿಸಿತು. 2010ರ ನಂತರ ಪರಿಸರ ಸಂರಕ್ಷಣೆಯನ್ನು ತನ್ನ ಗುರಿಯಾಗಿಸಿಕೊಂಡ ಈ ಸಂಘವು 2015ರಲ್ಲಿ ಸಂಪೂರ್ಣ ಸಸ್ಯಮೂಲ ಆಹಾರವನ್ನು ಜಾರಿಗೆ ತಂದಿತು. 2018ರಲ್ಲಿ ವಿಶ್ವಸಂಸ್ಥೆಯಿಂದ ‘ಇಂಗಾಲ ತಟಸ್ಥ’ ಎಂಬ ಮಾನ್ಯತೆ ಪಡೆಯಿತು. ಸಣ್ಣ ಊರಿನ ಸಂಘವೊಂದು ತನ್ನ ನೆಲದ ಗುರುತನ್ನು ಉಳಿಸಿಕೊಂಡು ಎಷ್ಟು ದೂರ ಹೋಗಬಲ್ಲದು ಎಂಬ ಪ್ರಶ್ನೆ ಇದರ ಇತಿಹಾಸದಲ್ಲಿ ಮತ್ತೆ ಮತ್ತೆ ಎದುರಾಗಿದೆ.

ಊರು ಮತ್ತು ಪರಿಸರ

ನೇಲ್ಸ್‌ವರ್ತ್ ಕಾಟ್ಸ್‌ವೋಲ್ಡ್ಸ್ ಗುಡ್ಡಗಾಡಿನ ಅಂಚಿನ ಕಣಿವೆಯಲ್ಲಿ, ಸ್ಟ್ರೌಡ್ ಪಟ್ಟಣದಿಂದ ಸುಮಾರು 6 ಕಿ.ಮೀ. ದಕ್ಷಿಣಕ್ಕಿದೆ. ಈ ಭಾಗದ ಕಣಿವೆಗಳು ಶತಮಾನಗಳ ಕಾಲ ಉಣ್ಣೆ ಬಟ್ಟೆಯ ತಯಾರಿಕೆಗೆ ಹೆಸರಾಗಿದ್ದವು. ಕಡಿದಾದ ಕಣಿವೆಗಳಲ್ಲಿ ಹರಿಯುವ ತೊರೆಗಳು ಗಿರಣಿಗಳ ಚಕ್ರಗಳನ್ನು ತಿರುಗಿಸುತ್ತಿದ್ದವು. ಬ್ರಿಟಿಷ್ ಸೈನಿಕರ ಕೆಂಪು ಅಂಗಿಗಳಿಗೆ ಬೇಕಾದ ಬಟ್ಟೆ ಸ್ಟ್ರೌಡ್ ಸುತ್ತಮುತ್ತಲಿನ ಗಿರಣಿಗಳಿಂದ ಹೋಗುತ್ತಿತ್ತು.

ಪ್ರದೇಶದ ಇನ್ನೊಂದು ವೈಶಿಷ್ಟ್ಯ ಅದರ ಧಾರ್ಮಿಕ ಹಿನ್ನೆಲೆ. ಸರ್ಕಾರದ ಮನ್ನಣೆಯಿದ್ದ ಆಂಗ್ಲಿಕನ್ ಚರ್ಚಿನಿಂದ ಹೊರಗುಳಿದ ಪ್ರೊಟೆಸ್ಟೆಂಟ್ ಪಂಗಡಗಳು ಇಲ್ಲಿ 17ನೇ ಶತಮಾನದಿಂದಲೇ ಬೇರೂರಿದ್ದವು. ಫಾರೆಸ್ಟ್ ಗ್ರೀನ್‌ನಲ್ಲಿ ಕಾಂಗ್ರಿಗೇಷನಲ್ ಪಂಗಡದ ಪ್ರಾರ್ಥನಾ ಮಂದಿರವಿತ್ತು. ಇಂತಹ ಸಭೆಗಳನ್ನು ಸದಸ್ಯರೇ ಹಣ ಕೂಡಿಸಿ, ತಾವೇ ಆಡಳಿತ ನೋಡಿಕೊಂಡು ನಡೆಸುತ್ತಿದ್ದರು.

ಸ್ಥಾಪನೆ ಮತ್ತು ಆರಂಭಿಕ ದಶಕಗಳು

ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಆಟದ ನಿಯಮಗಳನ್ನು 1863ರಲ್ಲಿ ಸ್ಥಾಪನೆಯಾದ ಫುಟ್‌ಬಾಲ್ ಅಸೋಸಿಯೇಷನ್ ರೂಪಿಸಿತು. 1850ರ ಕಾರ್ಖಾನೆ ಕಾಯಿದೆಯು ಜವಳಿ ಗಿರಣಿಗಳಲ್ಲಿ ಮಹಿಳೆಯರು ಹಾಗೂ ಕಿರಿಯರ ಶನಿವಾರದ ಕೆಲಸವನ್ನು ಮಧ್ಯಾಹ್ನ 2 ಗಂಟೆಗೆ ನಿಲ್ಲಿಸಿದ್ದರಿಂದ, ಕಾಲಕ್ರಮೇಣ ಶನಿವಾರದ ಅರ್ಧ ದಿನದ ಬಿಡುವು ಕಾರ್ಮಿಕರಲ್ಲಿ ರೂಢಿಯಾಯಿತು. ಈ ಬಿಡುವನ್ನು ಮದ್ಯದಂಗಡಿಗಳಿಂದ ದೂರವಿಟ್ಟು ಆರೋಗ್ಯಕರವಾಗಿ ಕಳೆಯಲು ಚರ್ಚುಗಳು ಕ್ರೀಡಾ ಸಂಘಗಳನ್ನು ಪ್ರೋತ್ಸಾಹಿಸಿದವು. ಇಂದು ಜಗತ್ಪ್ರಸಿದ್ಧವಾಗಿರುವ ಆಸ್ಟನ್ ವಿಲ್ಲಾ, ಎವರ್ಟನ್ ಮತ್ತು ಸೌತಾಂಪ್ಟನ್ ತಂಡಗಳೂ ಹೀಗೆ ಚರ್ಚುಗಳ ಆಸರೆಯಲ್ಲಿಯೇ ಹುಟ್ಟಿದವು.

ಫಾರೆಸ್ಟ್ ಗ್ರೀನ್ ರೋವರ್ಸ್ ಕೂಡ ಇದೇ ಸಾಲಿಗೆ ಸೇರುತ್ತದೆ. 1889ರ ಅಕ್ಟೋಬರ್‌ನಲ್ಲಿ ಪಾದ್ರಿ ಎಡ್ವರ್ಡ್ ಪೀಚ್ ಇದನ್ನು ಸ್ಥಾಪಿಸಿದರು. ಅದಕ್ಕೆ ಒಂದು ವರ್ಷ ಮೊದಲು, 1888ರಲ್ಲಿ, 12 ತಂಡಗಳೊಂದಿಗೆ ವೃತ್ತಿಪರ ಫುಟ್‌ಬಾಲ್ ಲೀಗ್ ಆರಂಭವಾಗಿತ್ತು. ಅದರಲ್ಲಿದ್ದ ತಂಡಗಳೆಲ್ಲವೂ ಇಂಗ್ಲೆಂಡಿನ ಉತ್ತರ ಮತ್ತು ಮಧ್ಯ ಭಾಗದ ಕೈಗಾರಿಕಾ ಪ್ರದೇಶಗಳವು. ಗುಡ್ಡದ ಹಳ್ಳಿಯ ತಂಡಕ್ಕೂ ಆ ಲೀಗಿಗೂ ಅಂದು ಯಾವ ಸಂಬಂಧವೂ ಇರಲಿಲ್ಲ.

1894ರಲ್ಲಿ ಮಿಡ್ ಗ್ಲಾಸ್ಟರ್‌ಶೈರ್ ಲೀಗ್ ಆರಂಭವಾದಾಗ ಫಾರೆಸ್ಟ್ ಗ್ರೀನ್ ಅದರ ಸ್ಥಾಪಕ ಸದಸ್ಯ ತಂಡಗಳಲ್ಲಿ ಒಂದಾಗಿತ್ತು. 1922ರಲ್ಲಿ ಆರಂಭವಾದ ಗ್ಲಾಸ್ಟರ್‌ಶೈರ್ ನಾರ್ದರ್ನ್ ಸೀನಿಯರ್ ಲೀಗ್ ಮತ್ತು 1968ರ ಗ್ಲಾಸ್ಟರ್‌ಶೈರ್ ಕೌಂಟಿ ಲೀಗ್‌ಗಳಲ್ಲಿಯೂ ಅದು ಸ್ಥಾಪಕ ಸದಸ್ಯನಾಗಿತ್ತು. ಈ ಅವಧಿಯಲ್ಲಿ ಎದುರಾಳಿಗಳು ನೆರೆಯ ಊರುಗಳ ತಂಡಗಳೇ ಆಗಿದ್ದವು. ‘ದಿ ಲಾನ್’ ಎಂದು ಕರೆಯಲಾಗುತ್ತಿದ್ದ ಗುಡ್ಡದ ಮೈದಾನ ಸಂಘದ ತವರಾಗಿತ್ತು.

ಇಂಗ್ಲಿಷ್ ಫುಟ್‌ಬಾಲ್‌ನ ಶ್ರೇಣಿ ವ್ಯವಸ್ಥೆ

ಸಂಘದ ಮುಂದಿನ ಬೆಳವಣಿಗೆಯನ್ನು ತಿಳಿಯಲು ಇಂಗ್ಲೆಂಡಿನ ಲೀಗ್‌ಗಳ ರಚನೆಯ ಪರಿಚಯ ಅಗತ್ಯ. ಅಲ್ಲಿನ ಲೀಗ್‌ಗಳು ಪಿರಮಿಡ್ಡಿನಂತೆ ಒಂದರ ಮೇಲೊಂದು ಜೋಡಣೆಗೊಂಡಿವೆ. ತುದಿಯಲ್ಲಿ 20 ತಂಡಗಳ ಪ್ರೀಮಿಯರ್ ಲೀಗ್ ಇದೆ. ಅದರ ಕೆಳಗೆ ಇಂಗ್ಲಿಷ್ ಫುಟ್‌ಬಾಲ್ ಲೀಗ್‌ನ ಮೂರು ವಿಭಾಗಗಳಿವೆ: ಚಾಂಪಿಯನ್‌ಶಿಪ್, ಲೀಗ್ ಒನ್ ಮತ್ತು ಲೀಗ್ ಟೂ. ಇವುಗಳಲ್ಲಿ ಒಟ್ಟು 72 ತಂಡಗಳಿವೆ. ಐದನೆಯ ಹಂತದ ನ್ಯಾಷನಲ್ ಲೀಗ್‌ನಿಂದ ಕೆಳಗಿನದೆಲ್ಲವನ್ನೂ ‘ನಾನ್-ಲೀಗ್’ ಎಂದು ಕರೆಯುವುದು ವಾಡಿಕೆ. ನ್ಯಾಷನಲ್ ಲೀಗ್‌ಗೆ ಹಿಂದೆ ಕಾನ್ಫರೆನ್ಸ್ ಎಂಬ ಹೆಸರಿತ್ತು.

ಪ್ರತಿ ಋತುವಿನ ಕೊನೆಯಲ್ಲಿ ಮೇಲಿನ ಸ್ಥಾನ ಪಡೆದ ತಂಡಗಳು ಮೇಲಿನ ಹಂತಕ್ಕೆ ಬಡ್ತಿ ಪಡೆಯುತ್ತವೆ. ಕೊನೆಯ ಸ್ಥಾನಗಳಲ್ಲಿ ಉಳಿದವು ಕೆಳಗಿನ ಹಂತಕ್ಕೆ ಇಳಿಯುತ್ತವೆ. ಆದುದರಿಂದ ಹಳ್ಳಿಯ ತಂಡವೊಂದು ವರ್ಷದಿಂದ ವರ್ಷಕ್ಕೆ ಏರುತ್ತಾ ತುದಿ ತಲುಪುವುದು ನಿಯಮದ ಪ್ರಕಾರ ಸಾಧ್ಯ. ಆದರೆ ಐದನೆಯ ಹಂತದಿಂದ ನಾಲ್ಕನೆಯ ಹಂತಕ್ಕೆ ಹೋಗುವ ಬಾಗಿಲು ಬಹುಕಾಲ ಮುಚ್ಚಿತ್ತು. ಲೀಗ್‌ನಲ್ಲಿದ್ದ ತಂಡಗಳೇ ಮತ ಹಾಕಿ ಹೊಸಬರನ್ನು ಸೇರಿಸಿಕೊಳ್ಳಬೇಕಿತ್ತು. 1986–87ರ ಋತುವಿನಿಂದ ಕಾನ್ಫರೆನ್ಸ್ ವಿಜೇತರಿಗೆ ನೇರ ಬಡ್ತಿ ದೊರೆಯತೊಡಗಿತು. 2003ರಿಂದ ಪ್ಲೇ-ಆಫ್ ಪಂದ್ಯಗಳ ಮೂಲಕ ಎರಡನೆಯ ತಂಡಕ್ಕೂ ಅವಕಾಶ ದೊರೆಯಿತು.

ಮೇಲಿನ ಹಂತಗಳಿಗೆ ಪಯಣ

1975ರಲ್ಲಿ ಸಂಘವು ಕೌಂಟಿಯ ಗಡಿ ದಾಟಿ ಹೆಲೆನಿಕ್ ಲೀಗ್ ಸೇರಿತು. 1981–82ರ ಋತು ಅದರ ಇತಿಹಾಸದ ಮೊದಲ ದೊಡ್ಡ ತಿರುವು. ಆ ವರ್ಷ ಹೆಲೆನಿಕ್ ಲೀಗ್‌ನ ಪ್ರಶಸ್ತಿಯ ಜೊತೆಗೆ, ಕೆಳ ಹಂತದ ತಂಡಗಳಿಗಾಗಿ 1974ರಲ್ಲಿ ಆರಂಭಿಸಲಾಗಿದ್ದ ಎಫ್.ಎ. ವೇಸ್ ಕಪ್ಪನ್ನೂ ಅದು ಗೆದ್ದಿತು. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ ಫೈನಲ್‌ನಲ್ಲಿ ರೇನ್‌ವರ್ತ್ ಮೈನರ್ಸ್ ವೆಲ್ಫೇರ್ ತಂಡವನ್ನು 3–0 ಅಂತರದಿಂದ ಸೋಲಿಸಿತು. ಎದುರಾಳಿಯ ಹೆಸರೇ ಸೂಚಿಸುವಂತೆ, ಅದು ನಾಟಿಂಗ್‌ಹ್ಯಾಮ್‌ಶೈರ್‌ನ ಕಲ್ಲಿದ್ದಲು ಗಣಿ ಕಾರ್ಮಿಕರ ಕ್ಷೇಮಾಭ್ಯುದಯ ಸಂಸ್ಥೆಯ ತಂಡ. ಅದೇ ವರ್ಷ ಫಾರೆಸ್ಟ್ ಗ್ರೀನ್ ಸದರ್ನ್ ಲೀಗ್‌ಗೆ ಏರಿತು.

1989ರಲ್ಲಿ, ಸ್ಥಾಪನೆಯಾಗಿ ಸರಿಯಾಗಿ 100 ವರ್ಷ ತುಂಬಿದಾಗ, ಸಂಘದ ಹೆಸರನ್ನು ಸ್ಟ್ರೌಡ್ ಫುಟ್‌ಬಾಲ್ ಕ್ಲಬ್ ಎಂದು ಬದಲಾಯಿಸಲಾಯಿತು. ಸ್ಟ್ರೌಡ್ ಸುತ್ತಮುತ್ತಲಿನ ಊರುಗಳಿಗೆಲ್ಲ ಕೇಂದ್ರವಾಗಿರುವ ಪಟ್ಟಣ. ಆದರೆ ಆಟದ ಮೈದಾನ ಗುಡ್ಡದ ಮೇಲೆಯೇ ಉಳಿದಿತ್ತು. ಹೊಸ ಹೆಸರು ಬಹುಕಾಲ ಬಾಳಲಿಲ್ಲ. 1992ರಲ್ಲಿ ಹಳೆಯ ಹೆಸರನ್ನೇ ಮತ್ತೆ ತರಲಾಯಿತು.

ನಂತರದ ಏರಿಕೆ ವೇಗವಾಗಿತ್ತು. 1997ರಲ್ಲಿ ಸದರ್ನ್ ಲೀಗ್‌ನ ದಕ್ಷಿಣ ವಿಭಾಗವನ್ನೂ 1998ರಲ್ಲಿ ಪ್ರೀಮಿಯರ್ ವಿಭಾಗವನ್ನೂ ಗೆದ್ದು, ಎರಡೇ ವರ್ಷಗಳಲ್ಲಿ ಸಂಘವು ಕಾನ್ಫರೆನ್ಸ್ ತಲುಪಿತು. 1999ರಲ್ಲಿ ಅದು ಎಫ್.ಎ. ಟ್ರೋಫಿಯ ಫೈನಲ್ ಪ್ರವೇಶಿಸಿ ಕಿಂಗ್‌ಸ್ಟೋನಿಯನ್ ವಿರುದ್ಧ 1–0ರಿಂದ ಸೋತಿತು. ವೇಸ್ ಮತ್ತು ಟ್ರೋಫಿ ಎರಡೂ ಸ್ಪರ್ಧೆಗಳ ಫೈನಲ್ ಆಡಿದ ಮೊದಲ ತಂಡ ಇದು. 2001ರಲ್ಲಿ ಎರಡನೆಯ ಬಾರಿ ಟ್ರೋಫಿಯ ಫೈನಲ್ ತಲುಪಿದಾಗಲೂ ಕ್ಯಾನ್ವಿ ಐಲ್ಯಾಂಡ್ ಎದುರು ಅದೇ ಅಂತರದಿಂದ ಸೋಲುಂಡಿತು.

ಕಾನ್ಫರೆನ್ಸ್‌ನಲ್ಲಿ ಸಂಘವು ಸತತ 19 ಋತುಗಳನ್ನು ಕಳೆಯಿತು. ಆ ದಾರಿ ಸುಗಮವಾಗಿರಲಿಲ್ಲ. 2005 ಮತ್ತು 2010ರಲ್ಲಿ ಅಂಕಪಟ್ಟಿಯ ಪ್ರಕಾರ ಹಿಂಬಡ್ತಿಯ ಸ್ಥಾನದಲ್ಲಿತ್ತು. ಮೊದಲ ಬಾರಿ ನಾರ್ತ್‌ವಿಚ್ ವಿಕ್ಟೋರಿಯಾ, ಎರಡನೆಯ ಬಾರಿ ಸಾಲ್ಸ್‌ಬರಿ ಸಿಟಿ ತಂಡವನ್ನು ಲೀಗ್ ಆಡಳಿತವು ಕೆಳಗಿಳಿಸಿದ್ದರಿಂದ ಫಾರೆಸ್ಟ್ ಗ್ರೀನ್ ಉಳಿದುಕೊಂಡಿತು. ಪರ ಊರುಗಳಿಗೆ ದೂರದ ಪ್ರಯಾಣ ಹಾಗೂ ಆಟಗಾರರ ವೇತನ ಏರುತ್ತಿದ್ದರೂ ಟಿಕೆಟ್ ಕೊಳ್ಳುವ ಜನರ ಸಂಖ್ಯೆಗೆ ಊರಿನ ಗಾತ್ರವೇ ಮಿತಿಯಾಗಿತ್ತು.

ಹೊಸ ಮೈದಾನ

2006ರಲ್ಲಿ ಸಂಘವು ಹಳೆಯ ಲಾನ್ ಮೈದಾನವನ್ನು ಬಿಟ್ಟು, ಅದೇ ಗುಡ್ಡದಲ್ಲಿ ಸುಮಾರು 400 ಮೀಟರ್ ದೂರದಲ್ಲಿ ನಿರ್ಮಿಸಲಾದ ‘ದಿ ನ್ಯೂ ಲಾನ್’ ಕ್ರೀಡಾಂಗಣಕ್ಕೆ ಸ್ಥಳಾಂತರಗೊಂಡಿತು. ಇದರಲ್ಲಿ 5,000ಕ್ಕೂ ಹೆಚ್ಚು ಪ್ರೇಕ್ಷಕರಿಗೆ ಸ್ಥಳವಿದೆ. ಅಂದರೆ ಹೆಚ್ಚುಕಡಿಮೆ ಇಡೀ ಊರಿಗೆ. ಕಿರಿದಾದ ಹಳ್ಳಿಯ ರಸ್ತೆಯಲ್ಲಿ ಗುಡ್ಡ ಹತ್ತಿಯೇ ಇಲ್ಲಿಗೆ ಬರಬೇಕು.

2009ರ ಜನವರಿ 3ರಂದು ಎಫ್.ಎ. ಕಪ್‌ನ ಮೂರನೆಯ ಸುತ್ತಿನಲ್ಲಿ ಡರ್ಬಿ ಕೌಂಟಿ ತಂಡ ಇಲ್ಲಿಗೆ ಬಂದಿತ್ತು. ಡರ್ಬಿ ಹಿಂದೆ ಎರಡು ಬಾರಿ ಇಂಗ್ಲೆಂಡಿನ ಚಾಂಪಿಯನ್ ಆಗಿದ್ದ ತಂಡ. ಎಫ್.ಎ. ಕಪ್‌ನಲ್ಲಿ ಮೇಲಿನ ಎರಡು ಹಂತಗಳ ತಂಡಗಳು ಕಣಕ್ಕಿಳಿಯುವುದು ಮೂರನೆಯ ಸುತ್ತಿನಲ್ಲಿ. ಆದುದರಿಂದ ಆ ಸುತ್ತನ್ನು ತಲುಪುವುದು ಸಣ್ಣ ಸಂಘಗಳ ಪಾಲಿಗೆ ದೊಡ್ಡ ಸಾಧನೆ. ಫಾರೆಸ್ಟ್ ಗ್ರೀನ್ ಆ ಪಂದ್ಯವನ್ನು 3–4 ಅಂತರದಿಂದ ಸೋತಿತು. ಅಂದು ಮೈದಾನದಲ್ಲಿ 4,836 ಪ್ರೇಕ್ಷಕರಿದ್ದರು.

ಪರಿಸರ ಪರ ನೀತಿ

2010ರಲ್ಲಿ ಉದ್ಯಮಿ ಡೇಲ್ ವಿನ್ಸ್ ಸಂಘದ ಪ್ರಮುಖ ಷೇರುದಾರರೂ ಅಧ್ಯಕ್ಷರೂ ಆದರು. ಅವರು ಸ್ಟ್ರೌಡ್‌ನಲ್ಲಿ ಕೇಂದ್ರ ಕಚೇರಿಯುಳ್ಳ, ನವೀಕರಿಸಬಹುದಾದ ಮೂಲಗಳಿಂದ ವಿದ್ಯುತ್ ಪೂರೈಸುವ ಇಕೋಟ್ರಿಸಿಟಿ ಕಂಪನಿಯ ಸ್ಥಾಪಕರು. ಯೌವನದಲ್ಲಿ ವಾಹನವನ್ನೇ ಮನೆಯಾಗಿಸಿಕೊಂಡು ಅಲೆಮಾರಿ ಜೀವನ ನಡೆಸಿದ್ದ ವಿನ್ಸ್, 1996ರಲ್ಲಿ ತಮ್ಮ ಮೊದಲ ದೊಡ್ಡ ಗಾಳಿಯಂತ್ರವನ್ನು ನೇಲ್ಸ್‌ವರ್ತ್‌ಗೆ ಸಮೀಪದ ನಿಂಪ್ಸ್‌ಫೀಲ್ಡ್ ಹಳ್ಳಿಯಲ್ಲಿ ನಿಲ್ಲಿಸಿದ್ದರು. ಹೀಗಾಗಿ ಅವರು ಹಣದ ಜೊತೆಗೆ ಸ್ಥಳೀಯ ಪರಿಚಯವನ್ನೂ ಹೊಂದಿದ್ದ ಮಾಲೀಕರಾಗಿದ್ದರು.

ಆಹಾರ

ಮೊದಲ ಬದಲಾವಣೆ ಊಟದ ತಟ್ಟೆಯಲ್ಲಾಯಿತು. 2011ರಲ್ಲಿ ಆಟಗಾರರ ಊಟದಿಂದಲೂ, ನಂತರ ಕ್ರೀಡಾಂಗಣದ ತಿನಿಸಿನ ಮಳಿಗೆಗಳಿಂದಲೂ ಕೆಂಪು ಮಾಂಸವನ್ನು ಕೈಬಿಡಲಾಯಿತು. ಇಂಗ್ಲೆಂಡಿನಲ್ಲಿ ಪಂದ್ಯದ ದಿನ ಮಾಂಸದ ಪೈ, ಬರ್ಗರ್ ತಿನ್ನುವುದು ಆಟದಷ್ಟೇ ಹಳೆಯ ರೂಢಿಯಾದ್ದರಿಂದ ಈ ನಿರ್ಧಾರ ದೇಶಾದ್ಯಂತ ಸುದ್ದಿಯಾಯಿತು. ಟೀಕೆ ಮತ್ತು ಗೇಲಿಗಳೂ ಬಂದವು. 2015ರಲ್ಲಿ ಸಂಘವು ಸಂಪೂರ್ಣ ‘ವೀಗನ್’ ಆಯಿತು.

ಭಾರತದಲ್ಲಿ ಸಸ್ಯಾಹಾರ ಎಂಬ ಪದಕ್ಕಿರುವ ಅರ್ಥಕ್ಕಿಂತ ವೀಗನ್ ಪದ್ಧತಿ ಭಿನ್ನವಾದುದು. ಇದರಲ್ಲಿ ಮಾಂಸ, ಮೀನು, ಮೊಟ್ಟೆಗಳ ಜೊತೆಗೆ ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನುತುಪ್ಪಗಳನ್ನೂ ಬಳಸುವುದಿಲ್ಲ. ಕ್ರೀಡಾಂಗಣದಲ್ಲಿ ಚಹಾಕ್ಕೂ ಸಸ್ಯಮೂಲದ ಹಾಲನ್ನೇ ಬಳಸಲಾಗುತ್ತದೆ. ಈ ನಿಯಮ ಸಂಘದ ಆವರಣಕ್ಕೆ ಸೀಮಿತ. ಆಟಗಾರರು ಮತ್ತು ಪ್ರೇಕ್ಷಕರು ತಮ್ಮ ಮನೆಯಲ್ಲಿ ಏನನ್ನು ತಿನ್ನಬೇಕು ಎಂಬುದರಲ್ಲಿ ಸಂಘ ಕೈಹಾಕುವುದಿಲ್ಲ. ಪಶುಸಂಗೋಪನೆಯಿಂದ ಹೊರಬೀಳುವ ಹಸಿರುಮನೆ ಅನಿಲಗಳು, ಪ್ರಾಣಿ ಹಿಂಸೆ ಮತ್ತು ಆಟಗಾರರ ದೇಹಾರೋಗ್ಯ ಈ ಮೂರನ್ನು ಸಂಘವು ತನ್ನ ನಿರ್ಧಾರಕ್ಕೆ ಕಾರಣಗಳಾಗಿ ಮುಂದಿಟ್ಟಿದೆ.

ಮೈದಾನ ಮತ್ತು ಶಕ್ತಿ

ಮೈದಾನದ ಹುಲ್ಲನ್ನು ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕಗಳಿಲ್ಲದೆ ಸಾವಯವ ವಿಧಾನದಲ್ಲಿ ಬೆಳೆಸಲಾಗುತ್ತದೆ. ಕಡಲ ಪಾಚಿಯಿಂದ ತಯಾರಿಸಿದ ಗೊಬ್ಬರವನ್ನು ಬಳಸಲಾಗುತ್ತದೆ. ಮೈದಾನದಡಿ ಬಸಿಯುವ ನೀರನ್ನು ಸಂಗ್ರಹಿಸಿ ಮತ್ತೆ ಹುಲ್ಲಿಗೆ ಹಾಯಿಸಲಾಗುತ್ತದೆ. 2011ರ ಕೊನೆಯಲ್ಲಿ ಪ್ರೇಕ್ಷಕರ ಗ್ಯಾಲರಿಯೊಂದರ ಚಾವಣಿಯ ಮೇಲೆ 180 ಸೌರ ಫಲಕಗಳನ್ನು ಅಳವಡಿಸಲಾಯಿತು. 2012ರಲ್ಲಿ ಸೌರಶಕ್ತಿಯಿಂದ ನಡೆಯುವ ಹುಲ್ಲು ಕತ್ತರಿಸುವ ಸ್ವಯಂಚಾಲಿತ ಯಂತ್ರ ಬಂದಿತು. ಅಡುಗೆಮನೆಯಲ್ಲಿ ಬಳಸಿದ ಎಣ್ಣೆಯನ್ನು ಜೈವಿಕ ಇಂಧನ ತಯಾರಿಕೆಗೆ ಕಳುಹಿಸಲಾಗುತ್ತದೆ. ವಿದ್ಯುತ್ ಕಾರುಗಳಿಗೆ ಚಾರ್ಜಿಂಗ್ ಕೇಂದ್ರಗಳೂ ಇಲ್ಲಿವೆ.

ತಂಡದ ಸಾಂಪ್ರದಾಯಿಕ ಕಪ್ಪು-ಬಿಳುಪು ಪಟ್ಟೆಯ ಉಡುಪಿಗೆ ಬದಲಾಗಿ ಹಸಿರು-ಕಪ್ಪು ಬಣ್ಣ ಬಂದಿತು. 2019ರಲ್ಲಿ ಬಿದಿರಿನ ನಾರು ಬೆರೆತ ಅಂಗಿಗಳನ್ನು, 2021ರಲ್ಲಿ ಕಾಫಿ ಚರಟ ಮತ್ತು ಮರುಬಳಕೆಯ ಪ್ಲಾಸ್ಟಿಕ್‌ನಿಂದ ತಯಾರಿಸಿದ ಅಂಗಿಗಳನ್ನು ಆಟಗಾರರು ತೊಟ್ಟರು.

ಇಂಗಾಲ ತಟಸ್ಥತೆ

2018ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಕಾರ್ಯಕ್ರಮದಡಿ ಈ ಸಂಘಕ್ಕೆ ಇಂಗಾಲ ತಟಸ್ಥ ಎಂಬ ಮಾನ್ಯತೆ ದೊರೆಯಿತು. ಫುಟ್‌ಬಾಲ್ ಸಂಘಗಳಲ್ಲಿ ಈ ಮಾನ್ಯತೆ ಪಡೆದ ಮೊದಲನೆಯದು ಇದೇ. ಇಂಗಾಲ ತಟಸ್ಥ ಎಂದರೆ ಸಂಸ್ಥೆಯು ಯಾವುದೇ ಮಾಲಿನ್ಯ ಉಂಟುಮಾಡುವುದಿಲ್ಲ ಎಂದರ್ಥವಲ್ಲ. ತನ್ನ ಚಟುವಟಿಕೆಗಳಿಂದ ಹೊರಬೀಳುವ ಅನಿಲಗಳ ಪ್ರಮಾಣವನ್ನು ಲೆಕ್ಕಹಾಕಿ, ಸಾಧ್ಯವಾದಷ್ಟನ್ನು ತಗ್ಗಿಸಿ, ಉಳಿದುದಕ್ಕೆ ಸಮನಾದ ಪ್ರಮಾಣವನ್ನು ಬೇರೆಡೆ ತಗ್ಗಿಸುವ ಯೋಜನೆಗಳಿಗೆ ನೆರವಾಗುವುದು ಇದರ ವಿಧಾನ. ತಂಡ ಮತ್ತು ಅಭಿಮಾನಿಗಳ ಪ್ರಯಾಣ ಪೂರ್ತಿಯಾಗಿ ಸಂಘದ ಕೈಯಲ್ಲಿಲ್ಲದ ಕಾರಣ, ಅನಿಲಗಳನ್ನು ತಗ್ಗಿಸುವುದಕ್ಕೂ ಒಂದು ಮಿತಿಯಿದೆ. ಬಸ್ಸು-ರೈಲುಗಳ ಸೌಲಭ್ಯ ಕಡಿಮೆಯಿರುವ ಗುಡ್ಡದ ಊರಿಗೆ ಈ ತೊಡಕು ಹೆಚ್ಚು. ನೇಲ್ಸ್‌ವರ್ತ್‌ನಲ್ಲಿ ಇಂದು ರೈಲು ನಿಲ್ದಾಣವಿಲ್ಲ.

2020ರಲ್ಲಿ ಆರ್ಸೆನಲ್ ತಂಡದ ಅಂದಿನ ಆಟಗಾರ, ಸ್ಪೇನಿನ ಹೆಕ್ಟರ್ ಬೆಲ್ಲೆರಿನ್ ಸಂಘದಲ್ಲಿ ಹಣ ಹೂಡಿ ಎರಡನೆಯ ಅತಿದೊಡ್ಡ ಷೇರುದಾರರಾದರು.

ಫುಟ್‌ಬಾಲ್ ಲೀಗ್‌ನಲ್ಲಿ ಏಳುಬೀಳು

2016ರಲ್ಲಿ ಬಡ್ತಿಗಾಗಿ ವೆಂಬ್ಲಿಯಲ್ಲಿ ನಡೆದ ಪ್ಲೇ-ಆಫ್ ಫೈನಲ್‌ನಲ್ಲಿ ಫಾರೆಸ್ಟ್ ಗ್ರೀನ್ ಗ್ರಿಮ್ಸ್‌ಬಿ ಟೌನ್ ವಿರುದ್ಧ 3–1ರಿಂದ ಸೋತಿತು. ಮರುವರ್ಷ, 2017ರ ಮೇ 14ರಂದು, ಅದೇ ಮೈದಾನದಲ್ಲಿ ಟ್ರಾನ್ಮಿಯರ್ ರೋವರ್ಸ್ ತಂಡವನ್ನು 3–1ರಿಂದ ಮಣಿಸಿ ಲೀಗ್ ಟೂ ಪ್ರವೇಶಿಸಿತು. ಕೈನ್ ವೂಲರಿ ಎರಡು ಗೋಲು, ಕ್ರಿಸ್ಟಿಯನ್ ಡಾಯ್ಜ್ ಒಂದು ಗೋಲು ಗಳಿಸಿದರು. ಅಂದಿನ ಮ್ಯಾನೇಜರ್ ಮಾರ್ಕ್ ಕೂಪರ್. 2017ರ ಆಗಸ್ಟ್ 5ರಂದು ನ್ಯೂ ಲಾನ್‌ನಲ್ಲಿ ನಡೆದ ಮೊದಲ ಲೀಗ್ ಪಂದ್ಯ ಬಾರ್ನೆಟ್ ವಿರುದ್ಧ 2–2 ಸಮಬಲದಲ್ಲಿ ಮುಗಿಯಿತು.

2021–22ರಲ್ಲಿ ರಾಬ್ ಎಡ್ವರ್ಡ್ಸ್ ಮಾರ್ಗದರ್ಶನದಲ್ಲಿ ತಂಡವು ಲೀಗ್ ಟೂ ಚಾಂಪಿಯನ್ ಆಯಿತು. ಎಕ್ಸಿಟರ್ ಸಿಟಿ ಕೂಡ 84 ಅಂಕಗಳನ್ನೇ ಗಳಿಸಿದ್ದರಿಂದ ಗೋಲುಗಳ ವ್ಯತ್ಯಾಸದ ಮೇಲೆ ಪ್ರಶಸ್ತಿ ನಿರ್ಧಾರವಾಯಿತು. ಹೀಗೆ ಗುಡ್ಡದ ಹಳ್ಳಿಯ ತಂಡ ದೇಶದ ಮೂರನೆಯ ಹಂತದಲ್ಲಿ ಶೆಫೀಲ್ಡ್ ವೆಡ್ನೆಸ್‌ಡೇ, ಇಪ್ಸ್‌ವಿಚ್ ಟೌನ್, ಡರ್ಬಿ ಕೌಂಟಿ, ಪೋರ್ಟ್ಸ್‌ಮೌತ್‌ನಂತಹ ಹಳೆಯ ಮಹಾತಂಡಗಳ ಸಾಲಿಗೆ ಬಂದಿತು.

ಇಳಿಕೆಯೂ ಅಷ್ಟೇ ವೇಗವಾಗಿತ್ತು. ಬಡ್ತಿಯ ಬೆನ್ನಲ್ಲೇ ಎಡ್ವರ್ಡ್ಸ್ ವಾಟ್‌ಫರ್ಡ್ ತಂಡಕ್ಕೆ ಹೋದರು. 2022–23ರಲ್ಲಿ ತಂಡವು ಲೀಗ್ ಒನ್‌ನ ಕೊನೆಯ ಸ್ಥಾನ ಪಡೆದು ಕೆಳಗಿಳಿಯಿತು. ಮರುವರ್ಷ ಲೀಗ್ ಟೂನಲ್ಲಿಯೂ ಕೊನೆಯ ಸ್ಥಾನವೇ ಬಂದಿತು. ಆ ಋತುವಿನಲ್ಲಿ ಮ್ಯಾನೇಜರ್‌ಗಳು ಒಬ್ಬರ ಹಿಂದೊಬ್ಬರು ಬದಲಾದರು. 2023ರ ಡಿಸೆಂಬರ್‌ನಲ್ಲಿ ನೇಮಕಗೊಂಡ ಟ್ರಾಯ್ ಡೀನಿ ಒಂದು ತಿಂಗಳೊಳಗೆ ಹುದ್ದೆ ಕಳೆದುಕೊಂಡರು. 2024ರಲ್ಲಿ ಸಂಘವು ಏಳು ವರ್ಷಗಳ ಬಳಿಕ ನ್ಯಾಷನಲ್ ಲೀಗ್‌ಗೆ ಮರಳಿತು. 2024–25ರಲ್ಲಿ ಮೂರನೆಯ ಸ್ಥಾನ ಗಳಿಸಿದರೂ ಪ್ಲೇ-ಆಫ್ ಸೆಮಿಫೈನಲ್‌ನಲ್ಲಿ ಸೋತಿತು.

ಸಾಮಾಜಿಕ ಪಾತ್ರ

ಊರಿನ ಬದುಕಿನಲ್ಲಿ

ಇಂಗ್ಲೆಂಡಿನ ಸಣ್ಣ ಊರುಗಳಲ್ಲಿ ಫುಟ್‌ಬಾಲ್ ಸಂಘವು ಆಟದ ತಂಡವಾಗಿರುವಂತೆ ಊರಿನ ಜನ ಸೇರುವ ತಾಣವೂ ಆಗಿರುತ್ತದೆ. ನಾನ್-ಲೀಗ್ ಸಂಘಗಳಲ್ಲಿ ಟಿಕೆಟ್ ಹರಿಯುವುದು, ಚಹಾ ಮಾಡುವುದು, ಮೈದಾನಕ್ಕೆ ಗೆರೆ ಎಳೆಯುವುದು, ಪಂದ್ಯದ ಕಿರುಹೊತ್ತಿಗೆ ಮಾರುವುದು ಮುಂತಾದ ಕೆಲಸಗಳು ಬಹುಪಾಲು ಸ್ವಯಂಸೇವಕರಿಂದ ನಡೆಯುತ್ತವೆ. ಹಲವು ಮನೆತನಗಳಲ್ಲಿ ಈ ಸೇವೆ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ನ್ಯೂ ಲಾನ್ ಆವರಣದಲ್ಲಿ ‘ಗ್ರೀನ್ ಮ್ಯಾನ್’ ಎಂಬ ಪಬ್ ಇದೆ. ಸಭೆ-ಸಮಾರಂಭಗಳಿಗೂ ಕ್ರೀಡಾಂಗಣದ ಕೊಠಡಿಗಳು ದೊರೆಯುತ್ತವೆ. ಸ್ಥಳೀಯ ಶಾಲೆಗಳಲ್ಲಿ ಆಹಾರ, ವ್ಯಾಯಾಮ ಮತ್ತು ಪರಿಸರದ ಬಗ್ಗೆ ಮಕ್ಕಳಿಗೆ ತಿಳಿಸುವ ಕಾರ್ಯಕ್ರಮಗಳನ್ನೂ ಸಂಘವು ನಡೆಸಿದೆ.

ಮಹಿಳೆಯರ ಪಾಲ್ಗೊಳ್ಳುವಿಕೆ

2019ರಲ್ಲಿ ಹ್ಯಾನಾ ಡಿಂಗ್ಲಿ ಸಂಘದ ಯುವ ತರಬೇತಿ ಅಕಾಡೆಮಿಯ ಮುಖ್ಯಸ್ಥೆಯಾದರು. ಇಂಗ್ಲಿಷ್ ಫುಟ್‌ಬಾಲ್ ಲೀಗ್‌ನ ಪುರುಷರ ಅಕಾಡೆಮಿಗಳಲ್ಲಿ ಅಂತಹ ಹುದ್ದೆಯಲ್ಲಿದ್ದ ಏಕೈಕ ಮಹಿಳೆ ಆಗ ಅವರಾಗಿದ್ದರು. ಅವರ ಅವಧಿಯಲ್ಲಿ ಬಾಲಕಿಯರಿಗೂ ಅಕಾಡೆಮಿ ಆರಂಭವಾಯಿತು. 2023ರ ಜುಲೈನಲ್ಲಿ ಡಂಕನ್ ಫರ್ಗ್ಯುಸನ್ ನಿರ್ಗಮಿಸಿದಾಗ ಡಿಂಗ್ಲಿ ಅವರನ್ನು ಮೊದಲ ತಂಡದ ಹಂಗಾಮಿ ಮ್ಯಾನೇಜರ್ ಆಗಿ ನೇಮಿಸಲಾಯಿತು. ಇಂಗ್ಲೆಂಡಿನಲ್ಲಿ ಪುರುಷರ ವೃತ್ತಿಪರ ತಂಡವೊಂದರ ಹೊಣೆ ಹೊತ್ತ ಮೊದಲ ಮಹಿಳೆ ಅವರು. ಸುಮಾರು ಎರಡು ವಾರಗಳ ನಂತರ ಡೇವಿಡ್ ಹಾರ್ಸ್‌ಮನ್ ಪೂರ್ಣಾವಧಿಗೆ ನೇಮಕಗೊಂಡರು.

ಇಕೋ ಪಾರ್ಕ್ ಯೋಜನೆ ಮತ್ತು ವಿವಾದ

2016ರಲ್ಲಿ ಸಂಘವು 5,000 ಆಸನಗಳ ಹೊಸ ಕ್ರೀಡಾಂಗಣದ ಯೋಜನೆಯನ್ನು ಪ್ರಕಟಿಸಿತು. ಜಹಾ ಹದೀದ್ ಆರ್ಕಿಟೆಕ್ಟ್ಸ್ ಸಂಸ್ಥೆಯ ವಿನ್ಯಾಸದಂತೆ ಅದನ್ನು ಬಹುತೇಕ ಮರದಿಂದಲೇ ಕಟ್ಟುವ ಉದ್ದೇಶವಿತ್ತು. ಉಕ್ಕು ಮತ್ತು ಸಿಮೆಂಟಿನ ತಯಾರಿಕೆಯಲ್ಲಿ ಅಪಾರ ಪ್ರಮಾಣದ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಮರವು ಬೆಳೆಯುವಾಗ ಹೀರಿಕೊಂಡ ಇಂಗಾಲವನ್ನು ತನ್ನಲ್ಲಿಯೇ ಹಿಡಿದಿಡುತ್ತದೆ. ಯೋಜಿತ ಸ್ಥಳ ಎಂ5 ಹೆದ್ದಾರಿಯ 13ನೇ ಜಂಕ್ಷನ್ ಬಳಿ, ಈಸ್ಟಿಂಗ್‌ಟನ್ ಹಳ್ಳಿಯ ಸಮೀಪವಿದೆ.

2019ರ ಜೂನ್‌ನಲ್ಲಿ ಸ್ಟ್ರೌಡ್ ಜಿಲ್ಲಾ ಕೌನ್ಸಿಲ್ ಈ ಯೋಜನೆಯನ್ನು ತಿರಸ್ಕರಿಸಿತು. ಹಸಿರು ಭೂಮಿಯ ಬಳಕೆ ಮತ್ತು ವಾಹನ ದಟ್ಟಣೆಯ ಬಗ್ಗೆ ಸುತ್ತಲಿನ ನಿವಾಸಿಗಳ ಆಕ್ಷೇಪಗಳಿದ್ದವು. ಪರಿಷ್ಕೃತ ಯೋಜನೆಗೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಅನುಮತಿ ದೊರೆಯಿತು.

ಯೋಜನೆಯ ಪರವಾಗಿ, ಹೆದ್ದಾರಿಯ ಪಕ್ಕದ ಜಾಗಕ್ಕೆ ಹೆಚ್ಚು ಜನರು ಸುಲಭವಾಗಿ ತಲುಪಬಹುದು ಹಾಗೂ ಗುಡ್ಡದ ಕಿರಿದಾದ ರಸ್ತೆಗಳ ಮೇಲಿನ ಒತ್ತಡ ತಗ್ಗುತ್ತದೆ ಎಂಬ ವಾದವಿದೆ. ಇನ್ನೊಂದೆಡೆ, ಸ್ಥಾಪನೆಯಾದಂದಿನಿಂದ ಗುಡ್ಡದ ಮೇಲೆಯೇ ಇರುವ ಸಂಘವು ಊರನ್ನು ಬಿಟ್ಟು ಹೆದ್ದಾರಿಯ ಬದಿಗೆ ಹೋದರೆ, ನಡೆದೇ ಪಂದ್ಯಕ್ಕೆ ಬರುವ ಊರಿನವರು ವಾಹನ ಹಿಡಿಯಬೇಕಾಗುತ್ತದೆ. 1989ರಲ್ಲಿ ಹೆಸರಿನ ವಿಷಯದಲ್ಲಿ ಎದುರಾಗಿದ್ದ ಪ್ರಶ್ನೆಯೇ ಇಲ್ಲಿ ನೆಲದ ವಿಷಯದಲ್ಲಿ ಎದುರಾಗಿದೆ.

ಮಾಲೀಕತ್ವ ಮತ್ತು ಟೀಕೆಗಳು

ಸಂಘದ ನೀತಿಗಳು ಅದಕ್ಕೆ ಜಗತ್ತಿನಾದ್ಯಂತ ಹೊಸ ಅಭಿಮಾನಿಗಳನ್ನು ತಂದಿವೆ. ಪರಿಸರದ ಕಾಳಜಿಯಿಂದ ಸಂಘವನ್ನು ಮೆಚ್ಚಿಕೊಂಡವರಲ್ಲಿ ನೇಲ್ಸ್‌ವರ್ತ್ ಅನ್ನು ಎಂದೂ ನೋಡದವರೂ ಇದ್ದಾರೆ. ಜೊತೆಗೆ, ಊರಿನ ಸಂಘವೊಂದು ಮಾಲೀಕರ ಕಂಪನಿಯ ಪ್ರಚಾರಕ್ಕೆ ವೇದಿಕೆಯಾಗಿದೆ ಎಂಬ ಟೀಕೆಯೂ ಕೇಳಿಬಂದಿದೆ. ವಿನ್ಸ್ ಅವರು ಲೇಬರ್ ಪಕ್ಷಕ್ಕೂ ‘ಜಸ್ಟ್ ಸ್ಟಾಪ್ ಆಯಿಲ್’ ಎಂಬ ಪ್ರತಿಭಟನಾ ಸಂಘಟನೆಗೂ ದೇಣಿಗೆ ನೀಡಿದ್ದರಿಂದ ಸಂಘದ ಹೆಸರು ರಾಜಕೀಯ ಚರ್ಚೆಗಳಲ್ಲಿಯೂ ಬಂದಿತು.

ಟಿಕೆಟ್ ಮಾರಾಟದಿಂದಷ್ಟೇ ವೃತ್ತಿಪರ ತಂಡವನ್ನು ಸಾಕುವುದು ಸಣ್ಣ ಊರಿಗೆ ಕಷ್ಟ. ಒಬ್ಬ ಮಾಲೀಕರ ಬಂಡವಾಳವು ತಂಡವನ್ನು ಮೂರನೆಯ ಹಂತದವರೆಗೆ ಏರಿಸಿತು. ಅದೇ ಕಾರಣದಿಂದ ಸಂಘದ ಭವಿಷ್ಯವು ಒಬ್ಬರ ನಿರ್ಧಾರಗಳಿಗೆ ಕಟ್ಟುಬಿದ್ದಿತು. ಊರಿನ ಸಂಘವಾಗಿ ಹುಟ್ಟಿ ಖಾಸಗಿ ಮಾಲೀಕತ್ವಕ್ಕೆ ಬಂದ ಇಂಗ್ಲೆಂಡಿನ ಅನೇಕ ಸಣ್ಣ ಸಂಘಗಳ ಸ್ಥಿತಿಯೂ ಇದೇ ಆಗಿದೆ. ಆದರೆ ಎರಡು ಬಾರಿ ಕೆಳಗಿಳಿದ ನಂತರವೂ ಫಾರೆಸ್ಟ್ ಗ್ರೀನ್ ತನ್ನ ಪರಿಸರ ನೀತಿಯನ್ನು ಕೈಬಿಡಲಿಲ್ಲ, ತನ್ನ ಹಳ್ಳಿಯ ಹೆಸರನ್ನೂ ಬದಲಿಸಲಿಲ್ಲ. ನ್ಯೂ ಲಾನ್ ಇಂದಿಗೂ ಅದರ ತವರು ಮೈದಾನವಾಗಿದೆ.

ಪ್ರಮುಖ ಸಾಧನೆಗಳು

- ಹೆಲೆನಿಕ್ ಲೀಗ್ ಚಾಂಪಿಯನ್: 1981–82
- ಎಫ್.ಎ. ವೇಸ್ ವಿಜೇತ: 1981–82
- ಸದರ್ನ್ ಲೀಗ್ ದಕ್ಷಿಣ ವಿಭಾಗದ ಚಾಂಪಿಯನ್: 1996–97
- ಸದರ್ನ್ ಲೀಗ್ ಪ್ರೀಮಿಯರ್ ವಿಭಾಗದ ಚಾಂಪಿಯನ್: 1997–98
- ಎಫ್.ಎ. ಟ್ರೋಫಿ ದ್ವಿತೀಯ ಸ್ಥಾನ: 1998–99, 2000–01
- ನ್ಯಾಷನಲ್ ಲೀಗ್ ಪ್ಲೇ-ಆಫ್ ವಿಜೇತ: 2016–17
- ಲೀಗ್ ಟೂ ಚಾಂಪಿಯನ್: 2021–22